ಟರ್ಬೈನ್ ಬ್ಲೇಡಿಗೆ ಯಾವ ಲೋಹ? ಸಕ್ಕರೆ ಕಾರ್ಖಾನೆಯ ಲೆಕ್ಕ ಬೇರೆ, ನಾಲೆಯ ಲೆಕ್ಕ ಬೇರೆ

ಮಂಡ್ಯ ಸೀಮೆಯಲ್ಲಿ ಟರ್ಬೈನ್ ಎಂದರೆ ಎರಡು ಬಗೆ. ಒಂದು ನೀರಿನದು: 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದ ಶಿವನಸಮುದ್ರ, 1940ರ ಶಿಂಷಾ, ಆಮೇಲೆ ನಾಲೆಯ ಇಳಿತಗಳಲ್ಲಿ ಕೂತಿರುವ ಕಿರು ಜಲವಿದ್ಯುತ್ ಘಟಕಗಳು. ಇನ್ನೊಂದು ಉಗಿಯದು: ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಗಾಣ ತಿರುಗಿಸುವ ಮಿಲ್ ಡ್ರೈವ್, ಮತ್ತು ಒಂದೇ ಉಗಿಯಿಂದ ಕರೆಂಟನ್ನೂ ರಸ ಕಾಯಿಸುವ ಶಾಖವನ್ನೂ ಪಡೆಯುವ ಕೋಜನ್ ಸೆಟ್‌ಗಳು. ಓವರ್‌ಹಾಲ್‌ಗೆ ಬಿಚ್ಚಿದಾಗ ಬ್ಲೇಡು ಹೋಗಿರುವುದು ಕಂಡ ಕೂಡಲೇ ಎರಡೂ ಕಡೆ ಬರುವ ಮೊದಲ ಮಾತು ಒಂದೇ: "ಇದಕ್ಕಿಂತ ಗಟ್ಟಿ ಮೆಟೀರಿಯಲ್ ಹಾಕಿಸೋಣ." ಹತ್ತರಲ್ಲಿ ಎಂಟು ಸಲ ಅದು ದಂಡದ ಖರ್ಚು. ಬ್ಲೇಡನ್ನು ಕೊಂದದ್ದು ಯಾವುದು ಅಂತ ಗೊತ್ತಾಗದೆ ಲೋಹ ಬದಲಿಸಿದರೆ ಎರಡು ಹಂಗಾಮು ಕಳೆಯುವಷ್ಟರಲ್ಲಿ ಹೊಸ ಬ್ಲೇಡೂ ಅದೇ ಜಾಗದಲ್ಲಿ ಮುರಿಯುತ್ತದೆ.

ಮೊದಲು ಮುರಿದ ತುಂಡು ನೋಡಿ

ಮುರಿದ ಬ್ಲೇಡು ಕೈಗೆ ಬಂದಾಗ ವೈರ್ ಬ್ರಷ್ ಹಾಕಿ ಉಜ್ಜಬೇಡಿ, ಮುರಿದ ಎರಡು ಮುಖಗಳನ್ನು ಒಂದಕ್ಕೊಂದು ಜೋಡಿಸಿ ನೋಡಲೂಬೇಡಿ. ಆ ಮುಖದ ಮೇಲೆಯೇ ಕಾರಣ ಬರೆದಿರುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಲೆನ್ಸ್ ಸಾಕು. ಒಂದು ಮೂಲೆಯಿಂದ ಹೊರಟು ಕಮಾನು ಕಮಾನಾಗಿ ಹರಡಿದ ನುಣುಪು ಗೆರೆಗಳಿದ್ದರೆ ಅದು ಫಟೀಗ್: ಸಣ್ಣ ಬಿರುಕು ಲಕ್ಷಾಂತರ ಸುತ್ತುಗಳಲ್ಲಿ ನಿಧಾನವಾಗಿ ಬೆಳೆದು, ಉಳಿದ ಲೋಹ ಕೊನೆಗೆ ಒಮ್ಮೆಲೇ ಹರಿದಿದೆ. ಕಮಾನುಗಳೆಲ್ಲ ಹೊರಟ ಮೂಲೆಯಲ್ಲಿ ಏನಿದೆ ಎಂಬುದೇ ಮುಖ್ಯ. ಅಲ್ಲಿ ಸಾಸಿವೆಗಿಂತ ಚಿಕ್ಕದೊಂದು ಕರಿ ಗುಳಿ ಕಂಡರೆ ತುಕ್ಕಿನಿಂದ ಶುರುವಾದದ್ದು. ಗುಳಿಯಿಲ್ಲದೆ ಚೂಪು ಮೂಲೆ ಅಥವಾ ಮಷಿನಿಂಗ್ ಗೀರು ಕಂಡರೆ ಕಂಪನ ಇಲ್ಲವೇ ತಯಾರಿಕೆಯ ದೋಷ. ಬ್ಲೇಡುಗಳನ್ನು ಒಂದಕ್ಕೊಂದು ಕಟ್ಟುವ ಲೇಸಿಂಗ್ ವೈರ್ ತೂತಿನ ಪಕ್ಕದಲ್ಲೇ ಹೊರಟಿದ್ದರೆ ಬ್ರೇಜಿಂಗ್ (ಬೇರೆ ಲೋಹ ಕರಗಿಸಿ ಬೆಸೆಯುವುದು) ಮಾಡಿದವರ ಕೈಕೆಲಸ ವಿಚಾರಿಸಬೇಕು.

ಅಂಚು ತಿಂದುಹೋಗಿ ಗರಗಸದಂತಾಗಿದ್ದರೆ ನೀರ ಹನಿಗಳ ಹೊಡೆತ. ಇಡೀ ಬ್ಲೇಡು ಚಮಚ ಮಡಿಸಿದಂತೆ ಬಾಗಿದ್ದರೆ ಬಾಯ್ಲರ್‌ನಿಂದ ನೀರು ನುಗ್ಗಿದೆ. ಅದಕ್ಕೆ ಯಾವ ಲೋಹವೂ ಮದ್ದಲ್ಲ.

ಉಗಿ ಬ್ಲೇಡಿನ ಮೇಲೆ ಎಷ್ಟು ಭಾರ?

ಒಂದು ಲೆಕ್ಕ ಮಾಡಿ ನೋಡೋಣ. ಗೇರ್‌ಬಾಕ್ಸ್ ಮೂಲಕ ಜನರೇಟರ್ ತಿರುಗಿಸುವ ಸೆಟ್, ರೋಟರ್ ನಿಮಿಷಕ್ಕೆ 8000 ಸುತ್ತು, ಬ್ಲೇಡಿನ ಬುಡ ಕೇಂದ್ರದಿಂದ 300 ಮಿ.ಮೀ., ತುದಿ 360 ಮಿ.ಮೀ. ಎಂದಿಟ್ಟುಕೊಳ್ಳಿ. ಅಡ್ಡಕೊಯ್ತ ಉದ್ದಕ್ಕೂ ಒಂದೇ ಸಮ ಇದ್ದರೆ ಬುಡದ ಎಳೆತದ ಸೂತ್ರ ಹೀಗೆ: ಸಾಂದ್ರತೆ × ಕೋನೀಯ ವೇಗದ ವರ್ಗ × (ತುದಿ ತ್ರಿಜ್ಯದ ವರ್ಗ − ಬುಡ ತ್ರಿಜ್ಯದ ವರ್ಗ) ÷ 2. ಉಕ್ಕಿನ ಸಾಂದ್ರತೆ ಘನ ಮೀಟರ್‌ಗೆ 7750 ಕೆ.ಜಿ. ಹಿಡಿದರೆ ಸುಮಾರು 108 ಮೆಗಾಪ್ಯಾಸ್ಕಲ್ ಬರುತ್ತದೆ. ವೇಗ ಮಿತಿಮೀರಿದಾಗ ಟರ್ಬೈನ್ ನಿಲ್ಲಿಸುವ ಓವರ್‌ಸ್ಪೀಡ್ ಟ್ರಿಪ್ ಶೇ 10 ಹೆಚ್ಚಿನ ವೇಗಕ್ಕೆ ಇದ್ದರೆ ಆ ಕ್ಷಣಕ್ಕೆ ಅದು 130. ಹದವಾಗಿ ಟೆಂಪರ್ ಮಾಡಿದ (ತಣಿಸಿ ಮತ್ತೆ ಕಾಯಿಸಿದ) 13 ಕ್ರೋಮ್ ಉಕ್ಕು, ಅಂದರೆ ಶೇ 13ರಷ್ಟು ಕ್ರೋಮಿಯಂ ಇರುವ ಉಕ್ಕು, 500ರಿಂದ 600 ಮೆಗಾಪ್ಯಾಸ್ಕಲ್‌ವರೆಗೂ ಬಾಗದೆ ತಡೆಯುತ್ತದೆ. ಅಂದರೆ ಬರೀ ಎಳೆತಕ್ಕೆ ಬ್ಲೇಡು ಮುರಿಯುವ ಪ್ರಶ್ನೆಯೇ ಇಲ್ಲ. ಬುಡದ ಮೂಲೆಯಲ್ಲಿ ಒತ್ತಡ ಎರಡು ಮೂರು ಪಟ್ಟಾದರೂ ಅಂತರ ಉಳಿದಿರುತ್ತದೆ.

ಮುರಿಸುವುದು ಕಂಪನ. ಉಗಿ ಚಿಮ್ಮುವ ಪ್ರತಿ ನಾಝಲ್ ಎದುರು ಹಾದಾಗ ಬ್ಲೇಡಿಗೆ ಒಂದು ತಟ್ಟು ಬೀಳುತ್ತದೆ. ನಿಮಿಷಕ್ಕೆ 5000 ಸುತ್ತಿನ ಮಿಲ್ ಡ್ರೈವ್‌ನಲ್ಲಿ ಪೂರ್ತಿ ಸುತ್ತಿಗೆ 40 ನಾಝಲ್‌ಗಳ ಅಂತರವಿದ್ದರೆ ಸೆಕೆಂಡಿಗೆ ಸುಮಾರು 3,330 ತಟ್ಟು. ಬ್ಲೇಡಿನ ಸ್ವಂತ ಆವರ್ತನ ಅದರ ಹತ್ತಿರ ಬಂದರೆ ಕಥೆ ಮುಗಿಯಿತು. ಅದಕ್ಕೇ ವೇಗ ಮತ್ತು ಆವರ್ತನಗಳನ್ನು ಒಟ್ಟಿಗೆ ತೋರಿಸುವ ಕ್ಯಾಂಬೆಲ್ ನಕ್ಷೆ ಹಾಕಿ, ಓಡುವ ವೇಗದಲ್ಲಿ ಎರಡರ ನಡುವೆ ಶೇ 5ರಿಂದ 10ರಷ್ಟು ದೂರ ಇಡುವುದು ವಾಡಿಕೆ.

ಕೋಜನ್ ಸೆಟ್ಟಿಗೂ ಮಿಲ್ ಡ್ರೈವ್‌ಗೂ ದೊಡ್ಡ ವ್ಯತ್ಯಾಸ ಇಲ್ಲಿದೆ. ಗ್ರಿಡ್ಡಿಗೆ ಕಟ್ಟಿದ ಸೆಟ್ 50 ಹರ್ಟ್ಸ್‌ನ ಆಚೀಚೆ ಕದಲುವುದಿಲ್ಲ, ಒಂದೇ ವೇಗಕ್ಕೆ ಹೊಂದಿಸಿದರೆ ಸಾಕು. ಮಿಲ್ ಡ್ರೈವ್ ಕಬ್ಬಿನ ಫೀಡ್ ನೋಡಿಕೊಂಡು ದಿನಕ್ಕೆ ನೂರು ಸಲ ವೇಗ ಬದಲಿಸುತ್ತದೆ, ಎಲ್ಲೋ ಒಂದು ಕಡೆ ಅನುರಣನ (ತಟ್ಟೂ ಬ್ಲೇಡಿನ ಆವರ್ತನವೂ ಒಂದಾಗುವ ವೇಗ) ದಾಟಿಯೇ ದಾಟುತ್ತದೆ. ಸಾಲದ್ದಕ್ಕೆ ಉಗಿ ಸುತ್ತಲೂ ಬರದೆ ಒಂದು ಕಮಾನಿನಲ್ಲಷ್ಟೇ ಬರುವುದರಿಂದ ಪ್ರತಿ ಸುತ್ತಿಗೂ ಬ್ಲೇಡು ಒಮ್ಮೆ ಭಾರಕ್ಕೆ ಸಿಕ್ಕಿ ಒಮ್ಮೆ ಬಿಡುಗಡೆಯಾಗುತ್ತದೆ. ಇಂಥ ಕಡೆ ಗಡಸಿಗಿಂತ ಕಂಪನವನ್ನು ತನ್ನೊಳಗೇ ನುಂಗುವ ಗುಣ ಮುಖ್ಯ. 12-13 ಕ್ರೋಮ್ ಉಕ್ಕು ನೂರು ವರ್ಷದಿಂದ ಬ್ಲೇಡಿನ ಕುರ್ಚಿ ಬಿಟ್ಟುಕೊಡದಿರುವುದಕ್ಕೆ ಈ ಗುಣವೂ ಒಂದು ಕಾರಣ. ಕಾರ್ಖಾನೆ ಗ್ರಿಡ್ ಬಿಟ್ಟು ಐಲ್ಯಾಂಡ್ ಆಗಿ, ಅಂದರೆ ತನ್ನ ಕರೆಂಟಿನಲ್ಲೇ, ಓಡುವ ಅಭ್ಯಾಸವಿದ್ದರೆ ಕೋಜನ್ ಸೆಟ್ಟಿಗೂ ಈ ಮಾತು ಅನ್ವಯಿಸುತ್ತದೆ.

ಉಕ್ಕುಗಳಲ್ಲಿ ಯಾವುದು?

410 ಮತ್ತು ಎಕ್ಸ್20ಸಿಆರ್13 (ಅಂಗಡಿ ಮಾತಿನಲ್ಲಿ 420) ಸಕ್ಕರೆ ಕಾರ್ಖಾನೆಯ ನಿತ್ಯದ ಊಟ. ಕ್ರೋಮಿಯಂ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಕಾರ್ಬನ್ ಬೇರೆ: 410ರಲ್ಲಿ ಶೇ 0.08ರಿಂದ 0.15, ಎಕ್ಸ್20ರಲ್ಲಿ 0.16ರಿಂದ 0.25. ಕಾರ್ಬನ್ ಹೆಚ್ಚಾದಷ್ಟೂ ಗಡಸು ಸುಲಭ, ಬ್ರೇಜಿಂಗ್ ಬೆಸುಗೆ ಕಷ್ಟ. ಲೇಸಿಂಗ್ ವೈರನ್ನು ಬ್ಲೇಡಿಗೆ ಬೆಸೆದಿರುವ ವಿನ್ಯಾಸವಾದರೆ 410 ಒಳ್ಳೆಯದು. ಸಡಿಲ ವೈರ್ ಅಥವಾ ಬರೀ ಶ್ರೌಡ್ (ಬ್ಲೇಡುಗಳ ತುದಿ ಕಟ್ಟುವ ಪಟ್ಟಿ) ಇದ್ದರೆ ಎಕ್ಸ್20. ಉಗಿ 440 ಡಿಗ್ರಿಯೊಳಗಿರುವ 45 ಬಾರ್ ಘಟಕಗಳವರೆಗೆ ಇದಕ್ಕಿಂತ ಮೇಲೆ ಹೋಗುವ ಅಗತ್ಯವಿಲ್ಲ.

ಹೊಸ ಕೋಜನ್‌ಗಳು 67 ಬಾರ್ 495 ಡಿಗ್ರಿ, 87 ಬಾರ್ 515 ಡಿಗ್ರಿ, 110 ಬಾರ್ 540 ಡಿಗ್ರಿಗೆ ಏರಿವೆ. ಸಾದಾ 13 ಕ್ರೋಮ್ ಉಕ್ಕು 450 ದಾಟಿದ ಮೇಲೆ ಸುಸ್ತಾಗಿ ನಿಧಾನವಾಗಿ ಹಿಗ್ಗತೊಡಗುತ್ತದೆ, ಅದೇ ಕ್ರೀಪ್. ಅಲ್ಲಿ ಮಾಲಿಬ್ಡಿನಂ ಮತ್ತು ವನೇಡಿಯಂ ಸೇರಿಸಿದ ಎಕ್ಸ್22ಸಿಆರ್‌ಎಂಒವಿ12-1 ಅಥವಾ ಅದರ ದಾಯಾದಿ 422 ಬೇಕು. ಆದರೆ ಪೂರ್ತಿ ರೋಟರ್‌ಗಲ್ಲ. ಉಗಿ ಸ್ಟೇಜಿನಿಂದ ಸ್ಟೇಜಿಗೆ (ಬ್ಲೇಡಿನ ಸಾಲಿನಿಂದ ಸಾಲಿಗೆ) ತಣ್ಣಗಾಗುತ್ತ ಹೋಗುತ್ತದೆ. ಮೊದಲ ಕಂಟ್ರೋಲ್ ಸ್ಟೇಜಿಗೂ ಅದರ ನಂತರದ ಕೆಲವಕ್ಕೂ ಇದು, ಉಷ್ಣಾಂಶ 430ಕ್ಕಿಂತ ಇಳಿದ ಸ್ಟೇಜಿನಿಂದ ಆಚೆಗೆ ಎಕ್ಸ್20. ಎಲ್ಲ ಸ್ಟೇಜಿಗೂ ದುಬಾರಿ ಉಕ್ಕನ್ನೇ ಕೋಟ್ ಮಾಡಿದ್ದರೆ ಪ್ರತಿ ಸ್ಟೇಜಿನ ಉಷ್ಣಾಂಶದ ಪಟ್ಟಿ ಕೇಳಿ.

ಈ ಉಕ್ಕುಗಳಿಗೆಲ್ಲ ಹದವೇ ಪ್ರಾಣ. 980-1030 ಡಿಗ್ರಿಯಿಂದ ತಣಿಸಿ, 650-700ರ ಆಸುಪಾಸಿನಲ್ಲಿ ಟೆಂಪರ್ ಮಾಡಿದರೆ ಗಡಸು ಸುಮಾರು 230-280 ಬ್ರಿನೆಲ್‌ಗೆ ನಿಲ್ಲುತ್ತದೆ. ಗಡಸು ಜಾಸ್ತಿ ಬರಲಿ ಎಂದು 450-550ರ ನಡುವೆ ಟೆಂಪರ್ ಮಾಡುವವರಿದ್ದಾರೆ. ಆ ಪಟ್ಟಿಯಲ್ಲಿ ಉಕ್ಕು ಪೆಡಸಾಗುತ್ತದೆ, ತುಕ್ಕು ತಡೆಯುವ ಶಕ್ತಿಯೂ ಕುಸಿಯುತ್ತದೆ. 350 ಬ್ರಿನೆಲ್ ಬಂದಿದೆ ಅಂತ ಸರ್ಟಿಫಿಕೇಟಿನಲ್ಲಿ ಕಂಡರೆ ಖುಷಿಪಡಬೇಡಿ, ಆ ಲಾಟ್ ವಾಪಸ್ ಕಳಿಸಿ.

ಬೆಳ್ಳಿ ಬ್ರೇಜಿಂಗ್‌ನದೂ ಇದೇ ಗೋಳು. ಟಾರ್ಚ್ ಒಂದೇ ಕಡೆ ನಿಂತು ಬ್ಲೇಡು ಹೊಳೆಯುವ ಕೆಂಪಿಗೆ ತಿರುಗಿದರೆ, ಅಂದರೆ 800 ಡಿಗ್ರಿ ದಾಟಿದರೆ, ತಣಿಯುವಾಗ ಆ ಜಾಗದಲ್ಲಿ ಟೆಂಪರ್ ಆಗದ ಗಾಜಿನಂತೆ ಪೆಡಸಾದ ಮಾರ್ಟೆನ್ಸೈಟ್ ರಚನೆ ಉಳಿಯುತ್ತದೆ. ಹೊರಗಿನಿಂದ ಏನೂ ಕಾಣದು. ಬಿರುಕು ಸರಿಯಾಗಿ ತೂತಿನ ಅಂಚಿನಿಂದ ಹೊರಡುತ್ತದೆ. ಕಡಿಮೆ ಉಷ್ಣಾಂಶಕ್ಕೆ ಕರಗುವ ಬೆಳ್ಳಿ ಮಿಶ್ರಲೋಹ, ಮಂದ ಕೆಂಪಿಗಿಂತ ಮೇಲೆ ಹೋಗದ ಶಾಖ, ಕೆಲಸ ಮುಗಿದ ಮೇಲೆ ತೂತಿನ ಪಕ್ಕ ಪೋರ್ಟಬಲ್ ಗಡಸುಮಾಪಕ: ಇಷ್ಟು ಕಡ್ಡಾಯ.

ಒದ್ದೆ ಉಗಿಯ ಕೊನೆಯ ಸ್ಟೇಜುಗಳು

ಬ್ಯಾಕ್ ಪ್ರೆಷರ್ ಸೆಟ್‌ನವರಿಗೆ ಈ ಭಾಗ ಬೇಡ. ಅವರ ಉಗಿ ಚದರ ಸೆಂ.ಮೀ.ಗೆ 1.5 ಕೆ.ಜಿ. ಒತ್ತಡದಲ್ಲಿ ರಸ ಕಾಯಿಸಲು ಹೊರಟುಹೋಗುತ್ತದೆ, ಹೆಚ್ಚುಕಡಿಮೆ ಒಣಗಿಯೇ. ಉಗಿಯನ್ನು ಕೊನೆಗೆ ನೀರಾಗಿಸುವ ಕಂಡೆನ್ಸಿಂಗ್ ಸೆಟ್‌ನಲ್ಲಿ ಹಾಗಲ್ಲ. ಕೊನೆಯಲ್ಲಿ ಶೇ 10ಕ್ಕೂ ಮೇಲೆ ನೀರು ಹನಿಯಾಗಿರಬಹುದು, ತುದಿಯ ವೇಗ ಸೆಕೆಂಡಿಗೆ 300 ಮೀಟರ್ ದಾಟಿದಲ್ಲಿ ಆ ಹನಿ ಉಳಿಯ ಕೆಲಸ ಮಾಡುತ್ತದೆ.

ದಾರಿಗಳು ಮೂರು. ಎಕ್ಸ್20 ಬ್ಲೇಡಿನ ಮುಂದಿನ ಅಂಚನ್ನಷ್ಟೇ ಗಡಸು ಮಾಡಿಸುವುದು ಅಗ್ಗ. ಅಂಚಿಗೆ ಸ್ಟೆಲೈಟ್ 6 (ಕೋಬಾಲ್ಟ್ ಮಿಶ್ರಲೋಹ) ಪಟ್ಟಿ ಬ್ರೇಜ್ ಮಾಡುವುದು ಹಳೆಯ, ನಂಬಿಕೆಯ ಕ್ರಮ. ಪಟ್ಟಿ ಸವೆದರೆ ಬದಲಿಸಬಹುದು, ಬ್ರೇಜಿಂಗ್ ಪೊಳ್ಳಾಗಿದ್ದರೆ ಪಟ್ಟಿಯೇ ಹಾರಿ ಪಕ್ಕದ ಬ್ಲೇಡುಗಳಿಗೆ ಬಡಿಯುತ್ತದೆ. ಮೂರನೆಯದು 17-4 ಪಿಎಚ್ ಎಂಬ ಸ್ಟೇನ್‌ಲೆಸ್ ಉಕ್ಕು. ಇದು ತುಕ್ಕಿಗೂ ಹನಿಗೂ 13 ಕ್ರೋಮ್‌ಗಿಂತ ಮೇಲು, ಆದರೆ ಕೊಳ್ಳುವಾಗ ಎಚ್1150 ಎಂಬ ಹದದ್ದನ್ನೇ ಕೇಳಬೇಕು. ಎಚ್900ರ ಸಂಖ್ಯೆಗಳು ಕಣ್ಣು ಕುಕ್ಕುತ್ತವೆ, 1170 ಮೆಗಾಪ್ಯಾಸ್ಕಲ್ ಯೀಲ್ಡ್ (ಬಾಗದೆ ತಡೆಯುವ ಮಿತಿ). ಕ್ಲೋರೈಡ್ ತಗುಲಿದ ಒದ್ದೆ ಜಾಗದಲ್ಲಿ ಅದೇ ಗಡಸು ಬಿರುಕಿಗೆ ಆಹ್ವಾನ. ಎಚ್1150ರದು 725 ಅಷ್ಟೇ, ಸಾಕು. 300 ಡಿಗ್ರಿಗಿಂತ ಬಿಸಿಯಾದ ಸ್ಟೇಜಿಗೆ ಈ ಉಕ್ಕು ಹಾಕಲೇಬಾರದು, ವರ್ಷಗಟ್ಟಲೆ ಕಾದು ಪೆಡಸಾಗುತ್ತದೆ.

ಟೈಟಾನಿಯಂ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಸಾಂದ್ರತೆ 4430, ಹಾಗಾಗಿ ಮೇಲಿನ ಲೆಕ್ಕದ 108 ಮೆಗಾಪ್ಯಾಸ್ಕಲ್ 62ಕ್ಕೆ ಇಳಿಯುತ್ತದೆ, ನಿಜ. ಆದರೆ ಕಂಪನದ ತೊಂದರೆಗೆ ಟೈಟಾನಿಯಂ ಹಾಕಿದರೆ ಏನೂ ಬದಲಾಗದು. ಆವರ್ತನ ನಿಂತಿರುವುದು ಬಿಗಿತ ಮತ್ತು ಸಾಂದ್ರತೆಯ ಅನುಪಾತದ ವರ್ಗಮೂಲದ ಮೇಲೆ. ಟೈಟಾನಿಯಂನಲ್ಲಿ ಎರಡೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದರಿಂದ ಉತ್ತರ ಉಕ್ಕಿನ ಪಕ್ಕದಲ್ಲೇ ಬಂದು ನಿಲ್ಲುತ್ತದೆ. ಆವರ್ತನ ಬದಲಿಸಬೇಕಿದ್ದರೆ ಆಕಾರ ಬದಲಿಸಿ: ಬ್ಲೇಡಿನ ದಪ್ಪ, ಶ್ರೌಡ್‌ನಲ್ಲಿ ಒಟ್ಟಿಗೆ ಕಟ್ಟಿದ ಬ್ಲೇಡುಗಳ ಸಂಖ್ಯೆ, ಲೇಸಿಂಗ್ ವೈರ್‌ನ ಎತ್ತರ. 3000 ಸುತ್ತಿನ ದೊಡ್ಡ ಥರ್ಮಲ್ ಘಟಕಗಳ ಒಂದು ಮೀಟರ್ ಬ್ಲೇಡಿಗೆ ಟೈಟಾನಿಯಂಗೆ ಅರ್ಥವಿದೆ. 20-30 ಮೆಗಾವಾಟ್‌ನ ಕೋಜನ್‌ಗೆ ಇಲ್ಲ.

ಬ್ಲೇಡನ್ನು ಕೊಲ್ಲುವುದು ಸಕ್ಕರೆ ಮತ್ತು ರಜೆ

ಲೋಹದ ಮೇಲೆ ಹಾಕುವ ಹಣದ ಕಾಲುಭಾಗವನ್ನು ಇಲ್ಲಿ ಹಾಕಿದರೆ ಹೆಚ್ಚು ಫಲ. ರಸ ಕುದಿಸುವ ಇವಾಪರೇಟರ್ ಟ್ಯೂಬ್ ತೂತಾಗಿಯೋ ರಸ ಉಕ್ಕಿಯೋ ಕಂಡೆನ್ಸೇಟ್‌ಗೆ (ಉಗಿ ತಣಿದ ನೀರಿಗೆ) ಸಕ್ಕರೆ ಸೇರುತ್ತದೆ, ಅದು ಬಾಯ್ಲರ್‌ಗೆ ಹೋಗಿ ಆಮ್ಲವಾಗಿ ಒಡೆಯುತ್ತದೆ, ನೊರೆ ಏಳುತ್ತದೆ, ಡ್ರಮ್‌ನ ನೀರು ಲವಣಗಳ ಸಮೇತ ಉಗಿಯೊಂದಿಗೆ ಟರ್ಬೈನ್‌ಗೆ ಬರುತ್ತದೆ. ಕಂಡಕ್ಟಿವಿಟಿ ಮೀಟರ್ ನಂಬಿ ಕೂರಬೇಡಿ. ಸಕ್ಕರೆ ಅಯಾನಾಗಿ ಒಡೆಯುವುದಿಲ್ಲ, ಮೀಟರ್ ಮುಳ್ಳು ಅಲ್ಲಾಡುವುದಿಲ್ಲ. ಗಂಟೆಗೊಮ್ಮೆ ಆಲ್ಫಾ ನ್ಯಾಫ್ಥಾಲ್ ಪರೀಕ್ಷೆ ಮಾಡಿ, ನೇರಳೆ ಉಂಗುರ ಕಂಡ ಕೂಡಲೇ ಆ ಕಂಡೆನ್ಸೇಟ್ ತಿರುಗಿಸಿ ಬಿಡಬೇಕು. ಬಾಯ್ಲರ್ ನೀರಿನ ಪಿಎಚ್ ಕುಸಿಯುವುದು ಎರಡನೆಯ ಸುಳಿವು. ಬ್ಲೇಡಿನ ಮೇಲೆ ಪದರ ಕಟ್ಟಿದೆಯೇ ಎಂದು ತಿಳಿಯಲು ಬಿಚ್ಚಬೇಕಿಲ್ಲ: ಅದೇ ಲೋಡಿಗೆ ವೀಲ್ ಚೇಂಬರ್ (ಮೊದಲ ಸ್ಟೇಜಿನ ನಂತರದ ಕೋಣೆ) ಒತ್ತಡ ವಾರವಾರಕ್ಕೂ ಏರುತ್ತಿದ್ದರೆ, ಥ್ರಸ್ಟ್ ಬೇರಿಂಗ್ ಬಿಸಿಯಾಗುತ್ತಿದ್ದರೆ, ಕಟ್ಟಿದೆ. ಸೋಡಿಯಂ ಲವಣ ಒದ್ದೆ ಉಗಿಗೆ ತೊಳೆದುಹೋಗುತ್ತದೆ. ಸಿಲಿಕಾ ಹೋಗುವುದಿಲ್ಲ; ಹೆಚ್ಚು ಒತ್ತಡದ ಘಟಕಗಳಲ್ಲಿ ಉಗಿಯಲ್ಲಿ ಅದನ್ನು ಕೆ.ಜಿ.ಗೆ 0.02 ಮಿ.ಗ್ರಾಂ ಒಳಗೆ ಇಡುವುದು ಇದಕ್ಕೇ.

ಇನ್ನು ರಜೆ. ಹಂಗಾಮು ಮುಗಿದು ಟರ್ಬೈನ್ ತಿಂಗಳುಗಟ್ಟಲೆ ನಿಲ್ಲುತ್ತದೆ. ಬ್ಲೇಡಿನ ಮೇಲೆ ಲವಣದ ತೆಳು ಪದರ, ಸರಿಯಾಗಿ ಮುಚ್ಚದ ಯಾವುದೋ ವಾಲ್ವ್‌ನಿಂದ ಎಳೆಎಳೆಯಾಗಿ ಬರುವ ಉಗಿ, ಮಳೆಗಾಲದ ತೇವದ ಗಾಳಿ. 13 ಕ್ರೋಮ್ ಉಕ್ಕಿನಲ್ಲಿ ಕ್ಲೋರೈಡ್ ಗುಳಿ ಬೀಳಲು ಇಷ್ಟು ಸಾಕು, ಗುಳಿ ಬಿದ್ದ ಬ್ಲೇಡಿನ ಫಟೀಗ್ ತಾಳಿಕೆ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಮುರಿಯುವುದು ಮುಂದಿನ ಹಂಗಾಮಿನಲ್ಲಿ, ಬೈಗುಳ ಬ್ಲೇಡು ಮಾಡಿದವರಿಗೆ. ನಿಲ್ಲಿಸಿದ ಕೂಡಲೇ ಉಗಿ ಲೈನಿನಲ್ಲಿ ಎರಡು ವಾಲ್ವ್ ಮುಚ್ಚಿ ನಡುವಿನ ಡ್ರೈನ್ ತೆರೆದಿಡಿ, ಕೇಸಿಂಗ್ ಬಿಸಿಯಿರುವಾಗಲೇ ಒಣ ಗಾಳಿ ಹಾಯಿಸಿ, ಡೀಹ್ಯುಮಿಡಿಫೈಯರ್ ಕಟ್ಟಿ ಒಳಗಿನ ತೇವಾಂಶವನ್ನು ಶೇ 40ರ ಒಳಗಿಡಿ, ವಾರಕ್ಕೊಮ್ಮೆ ಆಯಿಲ್ ಪಂಪ್ ಹಾಕಿ ರೋಟರ್ ತಿರುಗಿಸಿ.

ನಾಲೆಯ ರನ್ನರ್

ನೀರಿನ ರನ್ನರ್‌ಗೆ (ಬ್ಲೇಡಿನ ಚಕ್ರಕ್ಕೆ) ಬಿಸಿಯಿಲ್ಲ, ವೇಗವೂ ಕಡಿಮೆ. ಶತ್ರುಗಳು ಮೂರು: ಕ್ಯಾವಿಟೇಶನ್ (ಒತ್ತಡ ಕುಸಿದಲ್ಲಿ ನೀರಿನಲ್ಲಿ ಎದ್ದ ಆವಿಗುಳ್ಳೆಗಳು ಒಡೆದು ಲೋಹ ತಿನ್ನುವುದು), ಮರಳು, ಕಸ. ಮೊದಲೆರಡನ್ನು ಕೈಯಾಡಿಸಿಯೇ ಗುರುತಿಸಬಹುದು. ಸ್ಪಂಜಿನಂತೆ ತೂತುತೂತಾಗಿ ಉಗುರಿಗೆ ಸಿಕ್ಕುವಂತಿದ್ದು, ಬ್ಲೇಡಿನ ಹೀರುವ ಬದಿಯಲ್ಲಷ್ಟೇ ಇದ್ದರೆ ಕ್ಯಾವಿಟೇಶನ್. ನುಣ್ಣಗೆ ಅಲೆಅಲೆಯಾಗಿ ಸವೆದು ಹೊಳೆಯುತ್ತಿದ್ದರೆ ಮರಳು. ಕೆಆರ್‌ಎಸ್ ಜಲಾಶಯದಲ್ಲಿ ಮರಳು ಬಹುಪಾಲು ತಳ ಸೇರುವುದರಿಂದ ಅದರ ಕೆಳಗಿನ ನಾಲೆಗಳಲ್ಲಿ ಮೊದಲನೆಯದೇ ಜಾಸ್ತಿ. ಹಿಮಾಲಯದ ಘಟಕಗಳು ಹಾಕಿಸುವ ಟಂಗ್‌ಸ್ಟನ್ ಕಾರ್ಬೈಡ್ ಲೇಪನ ನಮಗೆ ಬೇಡ ಎನ್ನುವುದು ಇದಕ್ಕೇ. ಅದು ಮರಳಿಗೆ ಗಟ್ಟಿ, ತೇಲಿ ಬಂದ ಮರದ ತುಂಡು ಬಡಿದರೆ ಚಕ್ಕೆ ಏಳುತ್ತದೆ.

ಲೋಹಗಳನ್ನು ಕ್ಯಾವಿಟೇಶನ್ ತಡೆಯುವ ಶಕ್ತಿಯಿಂದ ಸಾಲಾಗಿ ನಿಲ್ಲಿಸಿದರೆ ಬೀಡು ಕಬ್ಬಿಣ ಎಲ್ಲರಿಗಿಂತ ಹಿಂದೆ, ಆಮೇಲೆ ಸಾದಾ ಎರಕದ ಉಕ್ಕು, ಆಮೇಲೆ ಅಲ್ಯುಮಿನಿಯಂ ಕಂಚು, ಮುಂದೆ 13-4 ಎಂದು ಕರೆಯುವ ಸಿಎ6ಎನ್‌ಎಂ. 13 ಕ್ರೋಮ್, 4 ನಿಕಲ್, ಕಾರ್ಬನ್ ಶೇ 0.06ರ ಒಳಗೆ, ಯೀಲ್ಡ್ ಕನಿಷ್ಠ 550 ಮೆಗಾಪ್ಯಾಸ್ಕಲ್. ಹೊಸ ಕಪ್ಲಾನ್ ಅಥವಾ ಫ್ರಾನ್ಸಿಸ್ ಮಾದರಿಯ ರನ್ನರ್‌ಗೆ ಕಣ್ಣು ಮುಚ್ಚಿ ಇದನ್ನೇ ಹೇಳಬಹುದು. ಹಳೆಯ ಎರಕದ ಉಕ್ಕಿನ ರನ್ನರ್ ಇದ್ದು ಬ್ಲೇಡಿನ ಆಕಾರ ಚೆನ್ನಾಗಿದ್ದರೆ ಪೂರ್ತಿ ಬದಲಿಸಬೇಕಿಲ್ಲ. ತಿಂದ ಜಾಗವನ್ನು ಗಟ್ಟಿ ಲೋಹ ಸಿಗುವವರೆಗೆ ಗ್ರೈಂಡ್ ಮಾಡಿ, 309ಎಲ್ ಸ್ಟೇನ್‌ಲೆಸ್ ಬೆಸುಗೆ ತಂತಿಯಿಂದ ತುಂಬಿ, ಟೆಂಪ್ಲೇಟ್ ಇಟ್ಟು ಆಕಾರಕ್ಕೆ ತನ್ನಿ. ಟೆಂಪ್ಲೇಟ್ ಇಲ್ಲದೆ ಕಣ್ಣಳತೆಯಲ್ಲಿ ಗ್ರೈಂಡ್ ಮಾಡಿದರೆ ಆ ಉಬ್ಬುತಗ್ಗೇ ಮುಂದಿನ ಕ್ಯಾವಿಟೇಶನ್‌ಗೆ ಬೀಜ.

13-4 ರನ್ನರ್ ರಿಪೇರಿಯಲ್ಲಿ ಆಯ್ಕೆ ಎರಡು. 410ನಿಮೊ ತಂತಿ ಮೂಲ ಲೋಹಕ್ಕೆ ಸಮ, ಆದರೆ 100-150 ಡಿಗ್ರಿ ಪ್ರೀಹೀಟ್ ಬೇಕು, ಬೆಸುಗೆಯ ನಂತರ ಸುಮಾರು 600 ಡಿಗ್ರಿಯಲ್ಲಿ ಹದ ಮಾಡಬೇಕು. ಅಂದರೆ ರನ್ನರ್ ಬಿಚ್ಚಿ ಫರ್ನೇಸ್ ಇರುವ ಕಡೆ ಒಯ್ಯಬೇಕು. 309ಎಲ್ ಮೆತ್ತಗೆ, ಸ್ಥಳದಲ್ಲೇ ಆಗುತ್ತದೆ. ಬ್ಲೇಡಿನ ನಡುಭಾಗದ ಗುಳಿಗೆ 309ಎಲ್ ಧಾರಾಳ ಸಾಕು. ನಡುವಿನ ಗುಂಬಕ್ಕೆ (ಹಬ್) ಸೇರುವ ಬುಡದಲ್ಲಿ ಬಿರುಕು ಬಿಟ್ಟಿದ್ದರೆ ಮಾತ್ರ ಮೊದಲನೆಯದು.

ಲೋಹಕ್ಕಿಂತ ಮೊದಲು ಕೂರಿಸಿದ ಎತ್ತರ ನೋಡಿ. ಮಂಡ್ಯ ಸಮುದ್ರಮಟ್ಟದಿಂದ 700 ಮೀಟರ್ ಆಸುಪಾಸಿನಲ್ಲಿದೆ, ಗಾಳಿಯ ಒತ್ತಡ ನೀರಿನ ಕಂಬದ ಲೆಕ್ಕದಲ್ಲಿ 10.3 ಮೀಟರ್ ಅಲ್ಲ, 9.5. ನೀರಾವಿಯ 0.3 ಕಳೆದರೆ 9.2. ಎಂಟು ಮೀಟರ್ ಇಳಿತಕ್ಕೆ 0.9 ಸಿಗ್ಮಾ (ಕ್ಯಾವಿಟೇಶನ್ ತಪ್ಪಿಸಲು ಇಳಿತದ ಎಷ್ಟು ಪಾಲು ಒತ್ತಡ ಬೇಕೆಂಬ ಅಂಕಿ) ಬೇಡುವ ರನ್ನರ್‌ಗೆ 7.2 ಹೋಗಿ ಉಳಿಯುವುದು 2 ಮೀಟರ್. ಕೆಳನೀರಿನ ಮಟ್ಟದಿಂದ ಅದಕ್ಕಿಂತ ಮೇಲೆ ಕೂರಿಸಬಾರದು. ಸಮುದ್ರಮಟ್ಟಕ್ಕೆ ಬರೆದ ಕ್ಯಾಟಲಾಗ್ 2.8 ಅನ್ನುತ್ತದೆ. ಆ 80 ಸೆಂಟಿಮೀಟರ್ ತಪ್ಪನ್ನು ಯಾವ ಸ್ಟೇನ್‌ಲೆಸ್ಸೂ ತಿದ್ದದು. ನಾಲೆಗೆ ಕಟ್ಟುಪದ್ಧತಿಯಲ್ಲಿ (ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ) ನೀರು ಬಿಡುವಾಗ ಕೆಳನೀರು ಏರಿಳಿಯುವುದರಿಂದ ಲೆಕ್ಕಕ್ಕೆ ಅತಿ ಕಡಿಮೆ ಮಟ್ಟವನ್ನೇ ಹಿಡಿಯಬೇಕು. ಇನ್ನು ಅಂತರಗಂಗೆ, ಕಬ್ಬಿನ ಸೋಗೆ, ಗೊಬ್ಬರದ ಚೀಲ: ಇವಕ್ಕೆ ಔಷಧ ಟ್ರ್ಯಾಶ್ ರ್‍ಯಾಕ್ ಮತ್ತು ಅದನ್ನು ಗೀರುವ ಆಳು.

ಮೈಸೂರಿನ ಹೆಬ್ಬಾಳ, ಹೂಟಗಳ್ಳಿ ಕಡೆಯ ವರ್ಕ್‌ಶಾಪಿನಲ್ಲೇ ಮಾಡಿಸಬಹುದಾದದ್ದು ಕ್ರಾಸ್‌ಫ್ಲೋ ರನ್ನರ್. ಪೈಪನ್ನು ಉದ್ದಕ್ಕೆ ಸೀಳಿದರೆ ಬ್ಲೇಡು, ಎರಡು ತಟ್ಟೆಗಳ ನಡುವೆ ಬೆಸೆದರೆ ರನ್ನರ್. ಎಂಎಸ್ (ಸಾದಾ ಉಕ್ಕು) ಪೈಪೋ 304 (ಸ್ಟೇನ್‌ಲೆಸ್) ಪೈಪೋ ಎಂದರೆ 304, ಯಾಕೆಂದರೆ ತುಕ್ಕಿಗೆ ತೆಳುವಾಗುವ ಬ್ಲೇಡು ಇಲ್ಲಿ ಮೊದಲೇ ತೆಳು. ಆದರೆ ಮುರಿಯುವುದು ಪೈಪಲ್ಲ, ಬೆಸುಗೆ. ನೀರು ಪ್ರತಿ ಬ್ಲೇಡನ್ನೂ ಸುತ್ತಿಗೆ ಎರಡು ಸಲ ಹಾಯುತ್ತದೆ. 300 ಸುತ್ತಿನ ರನ್ನರ್‌ನಲ್ಲಿ ದಿನಕ್ಕೆ 8,64,000 ಸಲ, ಹನ್ನೆರಡೇ ದಿನಕ್ಕೆ ಒಂದು ಕೋಟಿ. ಬ್ಲೇಡನ್ನು ತಟ್ಟೆಗೆ ಬರೀ ಅಂಟಿಸಿ ಬೆಸೆಯದೆ, ತಟ್ಟೆಯಲ್ಲಿ ಸೀಳು ಕೊರೆದು ತೂರಿಸಿ ಹೊರಬದಿಯಿಂದ ಪೂರ್ತಿ ಬೆಸೆಯಿರಿ, ಬೆಸುಗೆಯ ಅಂಚನ್ನು ನುಣುಪಾಗಿ ಗ್ರೈಂಡ್ ಮಾಡಿ. ರನ್ನರ್ ಉದ್ದವಾದರೆ ನಡುವೆ ಇನ್ನೊಂದು ತಟ್ಟೆ ಕೊಡಿ.

ನಿಕಲ್ ಸೂಪರ್ ಅಲಾಯ್‌ಗಳ ಬಗ್ಗೆ ಒಂದು ಮಾತು. ಇಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟುಗಳಲ್ಲಿ ಇನ್ಕೊನೆಲ್ ಬ್ಲೇಡಿಗಿರುವ ಪ್ರೀತಿ ನೋಡಿದರೆ ಊರಿಗೊಂದು ಜೆಟ್ ಎಂಜಿನ್ ಇರಬೇಕು ಅನ್ನಿಸುತ್ತದೆ. ಅವು ಗ್ಯಾಸ್ ಟರ್ಬೈನಿನ ಸಾವಿರ ಡಿಗ್ರಿಯ ಲೋಕದವು. 540 ಡಿಗ್ರಿಯ ಉಗಿಗೆ ಅವುಗಳ ಅಗತ್ಯವಿಲ್ಲ.

ಆರ್ಡರ್‌ನಲ್ಲಿ ಏನು ಬರೆಯಬೇಕು

ಗ್ರೇಡ್ ಹೆಸರು ಮಾತ್ರ ಬರೆದರೆ ಸಾಲದು. ಟೆಂಪರ್ ಉಷ್ಣಾಂಶ, ಗಡಸಿನ ಮೇಲಿನ ಮತ್ತು ಕೆಳಗಿನ ಮಿತಿ, ಬುಡದ ಮೂಲೆಯ ತ್ರಿಜ್ಯ, ಮೇಲ್ಮೈ ನುಣುಪು, ಎಲ್ಲವೂ ಇರಲಿ. ಮಾಲು ಬಂದಾಗ ಲೋಹದ ಅಂಶ ಅಳೆಯುವ ಗನ್ ಹಿಡಿದು ಕ್ರೋಮಿಯಂ ನೋಡಿ ಓಕೆ ಮಾಡುವ ರೂಢಿಯಿದೆ. ಆ ಎಕ್ಸ್‌ರೇ ಗನ್‌ಗೆ ಕಾರ್ಬನ್ ಕಾಣುವುದಿಲ್ಲ, ಹಾಗಾಗಿ 410ನ್ನೂ 420ನ್ನೂ ಅದು ಬೇರ್ಪಡಿಸಲಾರದು. ಲಾಟ್‌ಗೆ ಒಂದು ತುಂಡನ್ನು ಕಾರ್ಬನ್ನನ್ನೂ ಅಳೆಯುವ ಸ್ಪಾರ್ಕ್ ಸ್ಪೆಕ್ಟ್ರೋಗೆ ಕಳಿಸಿ. ಬಿರುಕು ಹುಡುಕಲು, 13 ಕ್ರೋಮ್, 17-4, 13-4 ಮೂರೂ ಅಯಸ್ಕಾಂತಕ್ಕೆ ಅಂಟುವುದರಿಂದ ಫ್ಲೋರೊಸೆಂಟ್ ಮ್ಯಾಗ್ನೆಟಿಕ್ ಪರೀಕ್ಷೆಯೇ ಸರಿ. 304ಕ್ಕೂ 309ಎಲ್ ತುಂಬಿದ ಜಾಗಕ್ಕೂ ಡೈ ಪೆನೆಟ್ರಂಟ್ (ಬಿರುಕಿಗೆ ಬಣ್ಣ ಇಳಿಸಿ ನೋಡುವ ಪರೀಕ್ಷೆ). ಉಗಿ ಬ್ಲೇಡುಗಳಾದರೆ ಪ್ರತಿಯೊಂದರ ಮೊಮೆಂಟ್ ತೂಕ (ಕೇಂದ್ರದಿಂದ ದೂರವನ್ನೂ ಸೇರಿಸಿದ ತೂಕ) ಹಾಕಿ, ಎದುರುಬದುರು ಯಾವ ಬ್ಲೇಡು ಕೂರಬೇಕು ಎಂಬ ಚಾರ್ಟ್ ಜೊತೆಗೆ ಕೊಡಬೇಕೆಂದು ಬರೆಯಿರಿ. ಚಾರ್ಟ್ ಇಲ್ಲದೆ ಬಂದ ಸೆಟ್ಟನ್ನು ಜೋಡಿಸಿದರೆ ಬ್ಯಾಲೆನ್ಸಿಂಗ್ ಮಷಿನ್ ಮೇಲೆ ಬ್ಲೇಡು ಕಿತ್ತು ಕಿತ್ತು ಕೂರಿಸುವುದರಲ್ಲೇ ವಾರ ಹೋಗುತ್ತದೆ, ಪ್ರತಿ ಸಲ ಕಿತ್ತಾಗಲೂ ಬುಡದ ಫಿಟ್ಟಿಂಗ್ ಒಂದಿಷ್ಟು ಸಡಿಲವಾಗುತ್ತದೆ.